ಕಾರಿನ ಟ್ವೀಟರ್ ಎಲ್ಲಿ ಕೂರಿಸೋದು? ಸಹಾಯ ಬೇಕು

ನಮಸ್ಕಾರ, ನಾನು ಶಿರಸಿಯವನು. 2014ರ ಸ್ವಿಫ್ಟ್‌ಗೆ ಕಾಂಪೊನೆಂಟ್ ಸ್ಪೀಕರ್ (ವೂಫರ್, ಟ್ವೀಟರ್ ಬೇರೆ ಬೇರೆ ಇರೋ ಸೆಟ್) ತಗೊಂಡಿದೀನಿ. ದಪ್ಪ ಸದ್ದು ಕೊಡೋ ಆರೂವರೆ ಇಂಚಿನ ವೂಫರ್ ಬಾಗಿಲಲ್ಲಿ ಕೂತಾಯ್ತು. ಚೂಪು ಸದ್ದು ಕೊಡೋ ಸಣ್ಣ ಟ್ವೀಟರ್‌ಗೆ ಮಾತ್ರ ಜಾಗ ಸಿಗ್ತಿಲ್ಲ ಮಾರಾಯ್ರೇ, ಎರಡು ವಾರದಿಂದ ಡಬಲ್ ಟೇಪ್ ಹಚ್ಚಿ ಅಲ್ಲಿಂದಿಲ್ಲಿಗೆ ಸಾಗಿಸ್ತಾ ಇದ್ದೀನಿ.

ಮೊದಲು ಡ್ಯಾಶ್‌ಬೋರ್ಡ್ ಮೂಲೆಯಲ್ಲಿ ಗಾಜಿನ ಕಡೆ ಮುಖ ಮಾಡಿ ಇಟ್ಟೆ. ಹಾಡು ಎದುರಿಗೇ ನಿಂತು ಹಾಡಿದ ಹಾಗೆ ಬಂತು, ಆದ್ರೆ ಗಾಜಿಗೆ ಬಡಿದು ವಾಪಸ್ ಬರೋ ಸದ್ದೂ ಸೇರಿ 'ಸ', 'ಶ' ಎಲ್ಲ ಕಿವಿಗೆ ಚುಚ್ತದೆ. ಯಕ್ಷಗಾನ ಹಾಕಿದ್ರಂತೂ ಚಂಡೆಗೆ ತಲೆ ಹಿಡೀತದೆ, ದೇವಿಮನೆ ಘಟ್ಟ ಇಳಿಯೋದ್ರೊಳಗೆ ಆಫ್. ಆಮೇಲೆ ಬಾಗಿಲಲ್ಲಿ ವೂಫರ್ ಪಕ್ಕ ಇಟ್ಟೆ. ಚುಚ್ಚೋದು ನಿಂತಿತು, ಆದ್ರೆ ಭಾಗವತರು ಮೊಣಕಾಲ ಹತ್ರ ಕೂತು ಹಾಡಿದ ಹಾಗೆ!

ಈಗ ಕನ್ನಡಿ ಪಕ್ಕದ ತ್ರಿಕೋನ ಪ್ಯಾನೆಲ್‌ನಲ್ಲಿದೆ. ಇದು ಪರವಾಗಿಲ್ಲ. ಆದ್ರೆ ಬಲಗಡೆಯದು ನನ್ನ ಕಿವಿಗೆ ತೀರಾ ಹತ್ರ, ಹಾಡೆಲ್ಲ ಬಲಕ್ಕೇ ಎಳೀತದೆ. ಸ್ಟೀರಿಯೋದಲ್ಲಿ ಟೈಮ್ ಅಲೈನ್‌ಮೆಂಟ್ (ಹತ್ರದ ಸ್ಪೀಕರ್ ಸದ್ದನ್ನ ಚೂರು ತಡ ಮಾಡಿ ಎರಡೂ ಕಡೆಯದು ಒಟ್ಟಿಗೆ ಕಿವಿಗೆ ಬರೋ ಹಾಗೆ ಮಾಡೋದು) ಇಲ್ಲ, ಬರೀ ಬ್ಯಾಲೆನ್ಸ್. ಸದ್ದನ್ನ ವೂಫರ್‌ಗೂ ಟ್ವೀಟರ್‌ಗೂ ಪಾಲು ಮಾಡೋ ಕ್ರಾಸ್‌ಓವರ್‌ನಲ್ಲಿ ಟ್ವೀಟರ್ ಸದ್ದು 3 ಡೆಸಿಬಲ್ ಇಳಿಸಿದ್ರೂ ಎಳೆಯೋದು ಹಾಗೇ ಇದೆ.

ಅಂಗಡಿಯವರು ಎ-ಪಿಲ್ಲರ್‌ಗೆ (ಮುಂದಿನ ಗಾಜಿನ ಪಕ್ಕದ ಕಂಬ) ತೂತು ಹೊಡೆದು ಕೂರಿಸೋಣ ಅಂತಾರೆ. ಅಲ್ಲಿ ಕರ್ಟನ್ ಏರ್‌ಬ್ಯಾಗ್ (ಅಪಘಾತ ಆದ್ರೆ ಪಕ್ಕದ ಕಿಟಕಿಗೆ ಅಡ್ಡ ಉಬ್ಬೋ ಗಾಳಿಚೀಲ) ಇಲ್ಲದ ಗಾಡಿ, ಆ ಹೆದರಿಕೆ ಇಲ್ಲ. ಆದ್ರೆ ತೂತು ಬಿದ್ರೆ ಬಿತ್ತು.

ಪ್ರಶ್ನೆ ಇಷ್ಟೇ: ತ್ರಿಕೋನದಲ್ಲೇ ಬಿಟ್ಟು, ಎರಡೂ ಟ್ವೀಟರ್ ಮುಖ ನಡುವಿನ ರೂಫ್ ಲೈಟ್ ಕಡೆ ತಿರುಗಿಸಿದ್ರೆ ಬಲಕ್ಕೆ ಎಳೆಯೋದು ಕಡಿಮೆ ಆಗ್ತದಾ, ಇಲ್ಲ ಪಿಲ್ಲರ್‌ಗೆ ಹೋಗೋದೇ ಸರಿಯಾ? ಸ್ವತಃ ಮಾಡಿ ನೋಡಿದವರು ದಯವಿಟ್ಟು ಹೇಳಿ.