ಖರೀದಿ ಕೌಂಟರ್ ನಿಲ್ಲಬಾರದು, ಲೆಕ್ಕಪತ್ರಕ್ಕೂ ಮಾಹಿತಿ ಸಿಗಬೇಕು: ಡೇಟಾಬೇಸ್‌ಗಳ ನಡುವಿನ ಕೊಡುಕೊಳ್ಳುವಿಕೆ

ಪ್ರಶ್ನೆ (ಬದಿಯಡ್ಕದ ಸದಸ್ಯೆ)

ನಮಸ್ಕಾರ ಅಣ್ಣ. ಅಡಿಕೆ ಖರೀದಿಸುವ ಸಹಕಾರಿ ಸಂಸ್ಥೆಯೊಂದರ ಗಣಕ ವಿಭಾಗ ನನ್ನದು. ಬದಿಯಡ್ಕ, ಮುಳ್ಳೇರಿಯ, ಪೆರ್ಲ, ಕುಂಬಳೆಗಳಲ್ಲಿ ನಮ್ಮ ಖರೀದಿ ಕೇಂದ್ರಗಳಿವೆ. ಟೋಕನ್, ತೂಕ, ದರ್ಜೆ, ದರ, ರಶೀದಿ ಎಲ್ಲವೂ ಪೋಸ್ಟ್‌ಗ್ರೆಸ್ ಎಂಬ ತಂತ್ರಾಂಶದ ಒಂದು ಡೇಟಾಬೇಸ್‌ನಲ್ಲಿವೆ. ಸದಸ್ಯತ್ವ ವಿಭಾಗದ ಲೆಕ್ಕ, ಅಂದರೆ ಸದಸ್ಯರ ಪಾಲು ಬಂಡವಾಳ ಮತ್ತು ಸಾಲದ ವಿವರ, ಇನ್ನೊಂದು ಸರ್ವರ್‌ನ ಪೋಸ್ಟ್‌ಗ್ರೆಸ್‌ನಲ್ಲಿದೆ. ಅಲ್ಲಿಂದ ಖರೀದಿ ಟೇಬಲ್‌ಗಳನ್ನು ಫಾರಿನ್ ಟೇಬಲ್‌ಗಳಾಗಿ, ಅಂದರೆ ದೂರದ ಟೇಬಲ್ ಅಲ್ಲಿಯದೇ ಎಂಬಂತೆ, ನೋಡುತ್ತೇವೆ. ಲೆಕ್ಕಪತ್ರದ ಸಾಫ್ಟ್‌ವೇರ್ ಬೇರೆ ಕಂಪೆನಿಯದು, ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್‌ನಲ್ಲಿದೆ. ಅದು ಲಿಂಕ್ಡ್ ಸರ್ವರ್ ಎಂಬ ನೇರ ಸಂಪರ್ಕದ ಮೂಲಕ ಇದೇ ಖರೀದಿ ಟೇಬಲ್‌ಗಳನ್ನು ಓದುತ್ತದೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಜೀಪು, ಪಿಕಪ್‌ಗಳಲ್ಲಿ ಗೋಣಿಗಳು ಬಂದು ಸಾಲುಗಟ್ಟಿದಾಗ ರಶೀದಿ ಹೊರಬರಲು ಅರ್ಧ ನಿಮಿಷ ಬೇಕಾಗುತ್ತದೆ. ದೊಡ್ಡ ಸರ್ವರ್ ಕೊಳ್ಳೋಣ ಎನ್ನುತ್ತಿದ್ದಾರೆ ಮ್ಯಾನೇಜರ್. ಅದರಿಂದ ಸರಿಹೋದೀತೇ?

ಉತ್ತರ

ದೊಡ್ಡ ಸರ್ವರ್‌ನ ಮಾತನ್ನು ಸದ್ಯಕ್ಕೆ ತಡೆಹಿಡಿಯಿರಿ ತಂಗಿ. ನಿಮ್ಮ ವಿವರಣೆ ಓದಿದರೆ ಯಂತ್ರದ ಶಕ್ತಿ ಸಾಲದೆ ಹೀಗಾಗಿದೆ ಎಂದು ಅನಿಸುವುದಿಲ್ಲ. ರೈತರು ಕೌಂಟರಿನ ಮುಂದೆ ನಿಂತಿರುವ ಹೊತ್ತಿನಲ್ಲೇ ಇನ್ನೆರಡು ವಿಭಾಗಗಳು ಅದೇ ಟೇಬಲ್‌ಗಳಿಗೆ ಕೈಹಾಕುತ್ತಿವೆ. ಹೊಸ ಯಂತ್ರ ತಂದರೆ ಒಂದು ಸುಗ್ಗಿ ಕಳೆದೀತು, ಮುಂದಿನ ವರ್ಷ ಅದೇ ಪಾಡು.

ಪೋಸ್ಟ್‌ಗ್ರೆಸ್‌ನಲ್ಲಿ ಓದುವ ಕ್ವೆರಿ (ಡೇಟಾಬೇಸ್‌ಗೆ ಕೊಡುವ ಆಜ್ಞೆ) ಬರೆಯುವ ಕ್ವೆರಿಯನ್ನು ತಡೆಯುವುದಿಲ್ಲ, ಹಾಗಾಗಿ ಯಾರು ಎಷ್ಟು ಓದಿದರೂ ತೊಂದರೆಯಿಲ್ಲ ಎಂಬ ನಂಬಿಕೆ ಬಲವಾಗಿದೆ. ಮೊದಲ ಅರ್ಧ ನಿಜ, ಎರಡನೆಯ ಅರ್ಧ ನಿಜವಲ್ಲ. ನಿಮ್ಮ ಟೋಕನ್ ಟೇಬಲ್ಲನ್ನೇ ತೆಗೆದುಕೊಳ್ಳಿ. ಒಂದೊಂದು ಟೋಕನ್ನಿನ ಸ್ಥಿತಿ ಕಾಯುತ್ತಿದೆ, ತೂಗಿದೆ, ದರ ಹಾಕಿದೆ, ಪಾವತಿಯಾಗಿದೆ ಎಂದು ಬದಲಾಗುತ್ತಾ ಹೋಗುತ್ತದೆ. ಪ್ರತಿ ಬದಲಾವಣೆಯಲ್ಲೂ ಪೋಸ್ಟ್‌ಗ್ರೆಸ್ ಹಳೆಯ ಸಾಲನ್ನು ಹಾಗೆಯೇ ಬಿಟ್ಟು ಹೊಸ ಸಾಲನ್ನು ಬರೆಯುತ್ತದೆ. ಹಳೆಯದನ್ನು ಗುಡಿಸುವುದು ವ್ಯಾಕ್ಯೂಮ್‌ನ ಕೆಲಸ. ಆದರೆ ಆ ಹಳೆಯ ಸಾಲನ್ನು ನೋಡಬೇಕಾಗಿ ಬರಬಹುದಾದ ಒಂದೇ ಒಂದು ಟ್ರಾನ್ಸಾಕ್ಷನ್ (ಒಟ್ಟಾಗಿ ಮುಗಿಯಬೇಕಾದ ಆಜ್ಞೆಗಳ ಕಂತೆ) ತೆರೆದಿದ್ದರೂ ವ್ಯಾಕ್ಯೂಮ್ ಅದನ್ನು ಮುಟ್ಟುವುದಿಲ್ಲ. ಫಾರಿನ್ ಟೇಬಲ್ ಮೂಲಕ ಬರುವ ಓದು, ದೂರದ ಸರ್ವರ್‌ನಲ್ಲಿ (ಇಲ್ಲಿ ಖರೀದಿಯದರಲ್ಲಿ) ಕನಿಷ್ಠ ರಿಪೀಟಬಲ್ ರೀಡ್ ಮಟ್ಟದ, ಅಂದರೆ ಆರಂಭದ ಕ್ಷಣದ ಚಿತ್ರವನ್ನೇ ಕೊನೆಯವರೆಗೂ ನೋಡುವ, ಟ್ರಾನ್ಸಾಕ್ಷನ್ ತೆರೆಯುತ್ತದೆ. ಅತ್ತ ಸದಸ್ಯತ್ವ ವಿಭಾಗದ ಟ್ರಾನ್ಸಾಕ್ಷನ್ ಮುಗಿಯುವವರೆಗೆ ಇತ್ತ ಅದು ಜೀವಂತವಾಗಿರುತ್ತದೆ. ಯಾರೋ ವರದಿಯ ಕಿಟಕಿಯನ್ನು ತೆರೆದಿಟ್ಟು ಊಟಕ್ಕೆ ಎದ್ದರೂ ಸಾಕು. ಅವರು ಓದುತ್ತಿರುವುದು ಹಳೆಯ ಖರೀದಿಗಳ ಟೇಬಲ್ ಆಗಿರಬಹುದು, ಪೆಟ್ಟು ಬೀಳುವುದು ಮಾತ್ರ ಟೋಕನ್ ಟೇಬಲ್ಲಿಗೆ. ಬಳಕೆಯಲ್ಲಿರುವ ಕೆಲವೇ ನೂರು ಸಾಲುಗಳನ್ನು ಹುಡುಕಲು ಸಾವಿರಾರು ಸತ್ತ ಸಾಲುಗಳನ್ನು ದಾಟಬೇಕಾಗುತ್ತದೆ. ನಾಳೆ ಹನ್ನೊಂದು ಗಂಟೆಗೆ ಪಿಜಿ ಸ್ಟ್ಯಾಟ್ ಆಕ್ಟಿವಿಟಿಯಲ್ಲಿ (ಈಗ ಯಾರು ಏನು ಮಾಡುತ್ತಿದ್ದಾರೆ ಎಂದು ತೋರಿಸುವ ಪಟ್ಟಿ) ಅತ್ಯಂತ ಹಳೆಯ ಟ್ರಾನ್ಸಾಕ್ಷನ್ ಯಾವುದು, ಯಾರದು ಎಂದು ನೋಡಿ.

ಇನ್ನೊಂದನ್ನೂ ನೋಡಬೇಕು. ಸದಸ್ಯತ್ವದ ಕಡೆಯಿಂದ ಓಡುವ ಕ್ವೆರಿಯನ್ನು ಎಕ್ಸ್‌ಪ್ಲೇನ್ ವರ್ಬೋಸ್ ಹಾಕಿ, ಅದು ಹೇಗೆ ಓಡುತ್ತದೆ ಎಂದು ಪರೀಕ್ಷಿಸಿ. ‘ರಿಮೋಟ್ ಎಸ್‌ಕ್ಯೂಎಲ್’ (ದೂರದ ಸರ್ವರ್‌ಗೆ ಹೋಗುವ ಆಜ್ಞೆ) ಎಂಬ ಸಾಲಿನಲ್ಲಿ ದಿನಾಂಕದ ಷರತ್ತು ಕಾಣಿಸುತ್ತದೆಯೇ? ‘ಕಳೆದ ಏಳು ದಿನ’ ಎನ್ನಲು ಸಮಯ ಕೊಡುವ ನೌ ಫಂಕ್ಷನ್ ಬಳಸಿದ್ದರೆ ಕಾಣಿಸಲಾರದು. ಕರೆದಾಗಲೆಲ್ಲ ಒಂದೇ ಉತ್ತರ ಕೊಡುವ, ಅಂದರೆ ಇಮ್ಯೂಟಬಲ್ ಎಂದು ಗುರುತಾದ ಫಂಕ್ಷನ್‌ಗಳನ್ನು ಮಾತ್ರ ಪೋಸ್ಟ್‌ಗ್ರೆಸ್ ದೂರದ ಸರ್ವರ್‌ಗೆ ಕಳುಹಿಸುತ್ತದೆ. ನೌ ಆ ಗುಂಪಿಗೆ ಸೇರಿದ್ದಲ್ಲ. ಹಾಗಾಗಿ ಏಳು ದಿನಗಳ ರಶೀದಿ ಬೇಕಾದವರಿಗೆ ಎಲ್ಲ ವರ್ಷಗಳ ರಶೀದಿಗಳೂ ತಂತಿಯ ಮೇಲೆ ಹರಿದು ಬರುತ್ತವೆ, ಅದೂ ಮೊದಲಿನ ಹೊಂದಿಕೆಯಂತೆ (ನಾವು ಬದಲಾಯಿಸದಿದ್ದರೆ ಇರುವಂತೆ) ಒಂದು ಸಲಕ್ಕೆ ನೂರೇ ನೂರು ಸಾಲು. ಷರತ್ತು ಅನ್ವಯವಾಗುವುದು ಸಾಲುಗಳು ಅಲ್ಲಿಗೆ ಬಂದು ಸೇರಿದ ಮೇಲೆ. ದಿನಾಂಕವನ್ನು ಅಪ್ಲಿಕೇಶನ್ನಿನಲ್ಲೇ ಲೆಕ್ಕಹಾಕಿ ನೇರವಾಗಿ ಬರೆದು ಕಳುಹಿಸಿ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಲಿಂಕ್ಡ್ ಸರ್ವರ್‌ನಲ್ಲೂ ಇದೇ ಕಾಯಿಲೆಯಿದೆ. ಸರ್ವರ್, ಡೇಟಾಬೇಸ್, ಸ್ಕೀಮಾ, ಟೇಬಲ್ ಎಂಬ ನಾಲ್ಕು ಭಾಗದ ಹೆಸರಿನಲ್ಲಿ ಟೇಬಲ್ ಕರೆದರೆ ಶೋಧನೆ ಎಲ್ಲಿ ನಡೆಯುತ್ತದೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ. ಅದರ ಬದಲು ಓಪನ್‌ಕ್ವೆರಿ ಎಂಬ ಫಂಕ್ಷನ್ನಿನಲ್ಲಿ ಬರೆದದ್ದು ಹಾಗೆಯೇ ಅತ್ತ ಹೋಗಿ ಅಲ್ಲೇ ಓಡುತ್ತದೆ.

ಇವೆಲ್ಲ ಇಂದಿನ ನೋವಿಗೆ ಮಾತ್ರೆ. ನಿಜವಾದ ಕೆಲಸ ಕಾಗದದ ಮೇಲೆ ಶುರುವಾಗಬೇಕು. ಪ್ರತಿ ವಿಭಾಗದವರನ್ನೂ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿ: ಈ ಅಂಕಿ ಎಷ್ಟು ಹಳೆಯದಾದರೆ ನಿಮಗೆ ನಡೆಯುತ್ತದೆ? ‘ಈ ಕ್ಷಣದ್ದೇ ಬೇಕು’ ಎಂದೇ ಎಲ್ಲರೂ ಆರಂಭಿಸುತ್ತಾರೆ. ಬಿಡಿಸಿ ಕೇಳಿದರೆ ದಿನವಹಿಗೆ ಸಂಜೆಯ ಹೊತ್ತಿಗೆ ಬಂದರೆ ಸಾಕು, ಸದಸ್ಯತ್ವ ವಿಭಾಗದ ಬೋನಸ್ ಲೆಕ್ಕಕ್ಕೆ ನಿನ್ನೆಯದು ಸಾಕು, ಮ್ಯಾನೇಜರರ ಪರದೆಗೆ ಐದು ನಿಮಿಷ ಹಿಂದಿನದು ಧಾರಾಳವಾಯಿತು. ಆ ಕ್ಷಣದ ಅಂಕಿ ನಿಜವಾಗಿ ಬೇಕಾಗುವುದು ಒಂದೇ ಕಡೆ: ಪಾವತಿಗೆ ಮುನ್ನ ಆ ಸದಸ್ಯರ ಸಾಲದ ಬಾಕಿ ಹಿಡಿಯುವಾಗ. ಅದು ಒಬ್ಬ ಸದಸ್ಯ, ಒಂದು ಸಂಖ್ಯೆ, ಒಂದು ಸಾಲಿನ ಉತ್ತರ. ಅದನ್ನು ಸದಸ್ಯತ್ವದ ಅಪ್ಲಿಕೇಶನ್ನನ್ನೇ ಕೇಳಿ ಪಡೆಯಿರಿ. ಎರಡು ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಏನು ಮಾಡಬೇಕೆಂಬುದನ್ನೂ ಈಗಲೇ ತೀರ್ಮಾನಿಸಿ.

ಉಳಿದದ್ದಕ್ಕೆಲ್ಲ ನನ್ನ ಸಲಹೆ ಇಷ್ಟೇ. ಓದಬೇಕಾದವರಿಗೆ ಅವರದೇ ಮನೆಯಲ್ಲಿ ಪ್ರತಿ ಇರಲಿ, ಬೇಕಾದಷ್ಟೇ ಇರಲಿ. ಸದಸ್ಯತ್ವದ ಡೇಟಾಬೇಸ್ ಕೂಡ ಪೋಸ್ಟ್‌ಗ್ರೆಸ್ ಆಗಿರುವುದರಿಂದ ಲಾಜಿಕಲ್ ರೆಪ್ಲಿಕೇಶನ್ (ಆರಿಸಿದ ಟೇಬಲ್‌ಗಳ ಬದಲಾವಣೆಗಳನ್ನು ಇನ್ನೊಂದು ಡೇಟಾಬೇಸ್‌ಗೆ ಹರಿಸುವ ವಿಧಾನ) ಹೊಂದುತ್ತದೆ. 2017ರಲ್ಲಿ ಬಂದ 10ನೆಯ ಆವೃತ್ತಿಯಿಂದಲೂ ಅದು ಪೋಸ್ಟ್‌ಗ್ರೆಸ್‌ನ ಒಳಗೇ ಇದೆ. ಬದಲಾವಣೆಗಳನ್ನು ಅದು ರೈಟ್-ಅಹೆಡ್ ಲಾಗ್‌ನಿಂದ (ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ಕಡತ) ಹೆಕ್ಕುತ್ತದೆ, ಟೇಬಲ್‌ಗಳನ್ನು ಮತ್ತೆ ಮತ್ತೆ ಜಾಲಾಡುವುದಿಲ್ಲ. 2022ರ 15ನೆಯ ಆವೃತ್ತಿಯಿಂದ ಯಾವ ಸಾಲು, ಯಾವ ಕಾಲಂ ಎಂದೂ ಆರಿಸಬಹುದು. ರೈತರ ಆಧಾರ್, ಬ್ಯಾಂಕ್ ಖಾತೆಯ ಸಂಖ್ಯೆಗಳು ಬೋನಸ್ ಲೆಕ್ಕಕ್ಕೆ ಬೇಕಿಲ್ಲ. ಅವು ಅತ್ತ ಹೋಗುವುದೇ ಬೇಡ. ಟೇಬಲ್‌ಗಳಿಗೆ ಪ್ರೈಮರಿ ಕೀ (ಪ್ರತಿ ಸಾಲನ್ನೂ ಪ್ರತ್ಯೇಕವಾಗಿ ಗುರುತಿಸುವ ಕಾಲಂ) ಇದೆಯೇ ನೋಡಿಕೊಳ್ಳಿ. ಟೇಬಲ್ಲಿನ ರಚನೆ ಬದಲಾದರೆ ಅದು ತಾನಾಗಿ ಹೋಗುವುದಿಲ್ಲ, ಹೊಸ ಕಾಲಂ ಸೇರಿಸುವಾಗ ಮೊದಲು ಪಡೆಯುವ ಕಡೆ ಸೇರಿಸಿ. ಮೊದಲ ಬಾರಿಯ ಪೂರ್ಣ ನಕಲು ಭಾರದ್ದು, ಅದನ್ನು ಖರೀದಿಯಿಲ್ಲದ ದಿನಕ್ಕೆ ಇಟ್ಟುಕೊಳ್ಳಿ.

ಮರುಪ್ರಶ್ನೆ (ಕಾಸರಗೋಡಿನ ಅಧ್ಯಾಪಕರು)

ಇಷ್ಟೆಲ್ಲ ಏಕೆ? ಇಡೀ ಖರೀದಿ ಡೇಟಾಬೇಸ್‌ಗೆ ಒಂದು ಸ್ಟ್ಯಾಂಡ್‌ಬೈ ರೆಪ್ಲಿಕಾ (ಓದಲು ಮಾತ್ರ ಬರುವ ಪೂರ್ಣ ಪ್ರತಿ) ಮಾಡಿ, ವರದಿಗಳನ್ನೆಲ್ಲ ಅಲ್ಲಿ ಓಡಿಸಿದರೆ ಮುಗಿಯಲಿಲ್ಲವೇ?

ಉತ್ತರ

ವರದಿಗೆ ಅದು ಒಳ್ಳೆಯ ದಾರಿ ಮಾಸ್ತರರೇ, ಮ್ಯಾನೇಜರರ ಪರದೆಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಸ್ಟ್ಯಾಂಡ್‌ಬೈಯಲ್ಲಿ ಉದ್ದದ ಕ್ವೆರಿ ಓಡುತ್ತಿರುವಾಗ ಮೂಲದಲ್ಲಿ ವ್ಯಾಕ್ಯೂಮ್ ಗುಡಿಸಿದ ಸುದ್ದಿ ಬಂದರೆ, ಮೊದಲಿನ ಹೊಂದಿಕೆಯಂತೆ ಅದು 30 ಸೆಕೆಂಡು ಕಾದು ಕ್ವೆರಿಯನ್ನೇ ರದ್ದು ಮಾಡುತ್ತದೆ. ಅದನ್ನು ತಪ್ಪಿಸಲು, ‘ಈ ಸಾಲುಗಳು ಇನ್ನೂ ಬೇಕು’ ಎಂದು ಮೂಲಕ್ಕೆ ತಿಳಿಸುವ ಹಾಟ್ ಸ್ಟ್ಯಾಂಡ್‌ಬೈ ಫೀಡ್‌ಬ್ಯಾಕ್ ಆನ್ ಮಾಡಿದಿರೋ, ಸತ್ತ ಸಾಲುಗಳ ರಾಶಿ ಮತ್ತೆ ಮೂಲ ಸರ್ವರ್‌ನಲ್ಲೇ ಬೆಳೆಯುತ್ತದೆ. ಕಾಯುವ ಅವಧಿಯನ್ನು ಹೆಚ್ಚಿಸಿ, ರೆಪ್ಲಿಕಾ ಸ್ವಲ್ಪ ಹಿಂದೆ ಬೀಳಲು ಬಿಡುವುದು ಮೇಲು. ಸದಸ್ಯತ್ವ ವಿಭಾಗಕ್ಕೆ ಇದು ಹೊಂದುವುದಿಲ್ಲ. ಅವರು ಖರೀದಿಯ ಅಂಕಿಗಳನ್ನು ತಮ್ಮ ಟೇಬಲ್‌ಗಳ ಜೊತೆ ಸೇರಿಸಿ ನೋಡಬೇಕು, ತಮಗೆ ಬೇಕಾದ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಹಾಕಿಕೊಳ್ಳಬೇಕು. ಸ್ಟ್ಯಾಂಡ್‌ಬೈಯಲ್ಲಿ ಒಂದು ಇಂಡೆಕ್ಸನ್ನೂ ಬೇರೆಯಾಗಿ ಹಾಕಲು ಬರುವುದಿಲ್ಲ.

ಪ್ರಶ್ನೆ (ಬದಿಯಡ್ಕದ ಸದಸ್ಯೆ)

ಲೆಕ್ಕಪತ್ರದ ಕಡೆಗೆ ಏನು ಮಾಡಲಿ ಅಣ್ಣ? ಅದು ಎಸ್‌ಕ್ಯೂಎಲ್ ಸರ್ವರ್. ‘ಕೊನೆಗೆ ತಿದ್ದಿದ ಸಮಯ’ ಎಂಬ ಕಾಲಂ ಇಟ್ಟು, ಹಿಂದಿನ ಬಾರಿಗಿಂತ ಹೊಸದಾದ ಸಾಲುಗಳನ್ನು ಮಾತ್ರ ಪ್ರತಿ ಐದು ನಿಮಿಷಕ್ಕೊಮ್ಮೆ ತೆಗೆದುಕೊಳ್ಳಿ ಎಂದು ಆ ಕಂಪೆನಿಯವರು ಹೇಳುತ್ತಾರೆ.

ಉತ್ತರ

ಆ ಉಪಾಯ ದುಡ್ಡಿನ ವಿಷಯದಲ್ಲಿ ಬೇಡ. ಆ ಕಾಲಂ ತುಂಬುವ ನೌ ಕೊಡುವುದು ಟ್ರಾನ್ಸಾಕ್ಷನ್ ಆರಂಭವಾದ ಸಮಯ, ಕಮಿಟ್ ಆದ (ಖಾಯಂ ಆಗಿ ಇತರರಿಗೂ ಕಾಣುವಂತಾದ) ಸಮಯವಲ್ಲ. ಮುಳ್ಳೇರಿಯದ ರಶೀದಿ 11:04:58ಕ್ಕೆ ಆರಂಭವಾಗಿ 11:05:03ಕ್ಕೆ ಕಮಿಟ್ ಆಯಿತು ಎಂದುಕೊಳ್ಳಿ. 11:05ಕ್ಕೆ ಬಂದ ಕ್ವೆರಿಗೆ ಅದು ಕಾಣಿಸಲಿಲ್ಲ. 11:10ಕ್ಕೆ ಬಂದದ್ದು ‘11:05ರ ನಂತರದ್ದು’ ಎಂದು ಕೇಳುತ್ತದೆ, ಇದರ ಮೇಲಿರುವ ಸಮಯ 11:04:58. ಆ ರಶೀದಿ ಲೆಕ್ಕಪತ್ರಕ್ಕೆ ಎಂದೂ ತಲುಪುವುದಿಲ್ಲ, ಯಾವ ದೋಷವೂ ಪರದೆಯ ಮೇಲೆ ಮೂಡುವುದಿಲ್ಲ. ಏರುತ್ತಾ ಹೋಗುವ ಕ್ರಮಸಂಖ್ಯೆ ನಂಬಿದರೂ ಇದೇ ಗತಿ. ಚಿಕ್ಕ ಸಂಖ್ಯೆ ಪಡೆದ ಟ್ರಾನ್ಸಾಕ್ಷನ್ ದೊಡ್ಡ ಸಂಖ್ಯೆಯದಕ್ಕಿಂತ ತಡವಾಗಿ ಕಮಿಟ್ ಆಗಬಹುದು. ಅಳಿಸಿಹೋದ ಸಾಲಂತೂ ಯಾವ ಸಮಯದ ಕಾಲಂನಲ್ಲೂ ಸಿಗುವುದಿಲ್ಲ. ವರ್ಷಾಂತ್ಯದ ಮಾರ್ಚ್ 31ರಂದು ಒಂದು ರಶೀದಿಯ ವ್ಯತ್ಯಾಸಕ್ಕೆ ರಾತ್ರಿಯಿಡೀ ಕಣ್ಣು ಬಿಟ್ಟುಕೊಂಡು ಕೂರುವ ಗುಮಾಸ್ತರ ಕಷ್ಟ ನನಗೆ ಗೊತ್ತು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಖರೀದಿ ಡೇಟಾಬೇಸ್‌ನಲ್ಲೇ ‘ಕಳುಹಿಸಬೇಕಾದದ್ದು’ ಎಂಬ ಚಿಕ್ಕ ಟೇಬಲ್ ಮಾಡಿ. ಔಟ್‌ಬಾಕ್ಸ್ ಎನ್ನುವುದು ಇದನ್ನೇ. ರಶೀದಿ ಬರೆಯುವ ಟ್ರಾನ್ಸಾಕ್ಷನ್‌ನಲ್ಲೇ ಇದರೊಳಗೂ ಒಂದು ಸಾಲು ಬೀಳಬೇಕು: ಆ ಸಾಲಿನದೇ ಗುರುತು ಸಂಖ್ಯೆ, ರಶೀದಿ ಸಂಖ್ಯೆ, ಸದಸ್ಯ ಸಂಖ್ಯೆ, ದರ್ಜೆ, ತೂಕ, ಮೊತ್ತ. ಬಿದ್ದರೆ ಎರಡೂ ಬೀಳುತ್ತವೆ, ಇಲ್ಲದಿದ್ದರೆ ಎರಡೂ ಇಲ್ಲ. ಸಣ್ಣದೊಂದು ಪ್ರೋಗ್ರಾಂ ನಿಮಿಷಕ್ಕೊಮ್ಮೆ ಕಳುಹಿಸದ ಸಾಲುಗಳನ್ನು ಫಾರ್ ಅಪ್‌ಡೇಟ್ ಸ್ಕಿಪ್ ಲಾಕ್ಡ್ ಎಂದು (ಬೇರೆಯವರು ಹಿಡಿದಿರುವ ಸಾಲುಗಳನ್ನು ಬಿಟ್ಟು) ಎತ್ತಿಕೊಂಡು, ಲೆಕ್ಕಪತ್ರದ ಕಡೆಯ ಸ್ವೀಕಾರ ಟೇಬಲ್ಲಿಗೆ ಹಾಕಿ, ಕಳುಹಿಸಿದ ಗುರುತು ಮಾಡಲಿ. ಗುರುತು ಮಾಡುವ ಮುನ್ನ ಕರೆಂಟ್ ಹೋದರೆ ಅದೇ ಸಾಲು ಎರಡನೆಯ ಬಾರಿ ಹೋಗುತ್ತದೆ. ಆದ್ದರಿಂದ ಸ್ವೀಕಾರ ಟೇಬಲ್ಲಿನಲ್ಲಿ ಆ ಸಾಲಿನ ಗುರುತು ಸಂಖ್ಯೆಗೆ ಯೂನಿಕ್ ನಿರ್ಬಂಧ (ಒಂದೇ ಸಂಖ್ಯೆ ಎರಡು ಸಲ ಬರದಂತೆ ತಡೆ) ಇರಲೇಬೇಕು, ಎರಡನೆಯದು ಸುಮ್ಮನೆ ತಿರಸ್ಕೃತವಾಗಲಿ. ರಶೀದಿ ರದ್ದಾದರೆ ಅಳಿಸಬೇಡಿ, ‘ರದ್ದು’ ಎಂಬ ಹೊಸ ಸಾಲು ಹೋಗಲಿ. ಕಳುಹಿಸಿದವನ್ನು ವಾರಕ್ಕೊಮ್ಮೆ ತೆಗೆದುಹಾಕಿ. ಟೇಬಲ್ ಚಿಕ್ಕದಾಗಿದ್ದಷ್ಟೂ ಹಗುರ.

ಅಪ್ಲಿಕೇಶನ್ನೇ ಎರಡೂ ಡೇಟಾಬೇಸ್‌ಗಳಿಗೆ ಬರೆಯಲಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಒಂದು ಕಡೆ ಬಿದ್ದು ಇನ್ನೊಂದು ಕಡೆ ಬೀಳದ ದಿನ ಬಂದೇ ಬರುತ್ತದೆ, ಮೇಲಾಗಿ ಲೆಕ್ಕಪತ್ರದ ಸರ್ವರ್ ಮಲಗಿದರೆ ಕೌಂಟರೂ ಮಲಗುತ್ತದೆ.

ಪ್ರಶ್ನೆ (ಉಪ್ಪಳದ ಸದಸ್ಯರು)

ಇದಕ್ಕೆಲ್ಲ ಕಾಫ್ಕಾ ಇದೆಯಲ್ಲ, ಸಂದೇಶಗಳನ್ನು ಹಲವು ಅಪ್ಲಿಕೇಶನ್‌ಗಳಿಗೆ ಹರಿಸುವ ತಂತ್ರಾಂಶ?

ಉತ್ತರ

ಇದೆ. ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಮುಕ್ತ ತಂತ್ರಾಂಶವಾದದ್ದು. ಡೇಟಾಬೇಸ್‌ನ ಬದಲಾವಣೆಗಳನ್ನು ಹಿಡಿಯುವ ಡೆಬೀಜಿಯಂ ಜೊತೆ ಸೇರಿಸಿದರೆ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಎಸ್‌ಕ್ಯೂಎಲ್ ಸರ್ವರ್ ಎಲ್ಲದರ ಬದಲಾವಣೆಗಳನ್ನೂ ಹರಿಸಬಹುದು. ಓದುವ ಅಪ್ಲಿಕೇಶನ್‌ಗಳು ಹತ್ತಾರು ಇದ್ದಾಗ ಅದು ಬೇಕು. ಇಲ್ಲಿ ಇರುವುದು ಎರಡು. ರಾತ್ರಿ ಅದು ಕೆಟ್ಟರೆ ಎದ್ದು ನೋಡಬೇಕಾದವರು ಬದಿಯಡ್ಕದ ಈ ತಂಗಿಯೊಬ್ಬರೇ.

ಪ್ರಶ್ನೆ (ಮುಳ್ಳೇರಿಯದ ಸದಸ್ಯರು)

ನಮ್ಮಲ್ಲಿ ಸದಸ್ಯರ ಹೆಸರುಗಳು ಕೆಲವು ಕನ್ನಡದಲ್ಲಿ, ಕೆಲವು ಮಲಯಾಳದಲ್ಲಿ. ಎರಡು ಡೇಟಾಬೇಸ್‌ಗಳನ್ನು ಹೆಸರಿನ ಮೇಲೆ ಜೋಡಿಸಿದರೆ ಕಣ್ಣಿಗೆ ಒಂದೇ ಆಗಿ ಕಾಣುವ ಹೆಸರೂ ಹೊಂದುವುದಿಲ್ಲ, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ.

ಉತ್ತರ

ನಮ್ಮ ಜಿಲ್ಲೆಯವರಿಗೆ ಇದು ತಪ್ಪದ ತಲೆನೋವು. ಮಲಯಾಳದ ಚಿಲ್ಲಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನಗಳ ವಿಶೇಷ ರೂಪ) 2008ರ ಯೂನಿಕೋಡ್ 5.1ರಲ್ಲಿ ಸ್ವತಂತ್ರ ಸಂಕೇತಗಳು ಬಂದವು. ಅದಕ್ಕೂ ಮೊದಲು ವ್ಯಂಜನ, ಚಂದ್ರಕ್ಕಲ (ಮಲಯಾಳದ ಹಲಂತ ಚಿಹ್ನೆ), ಕಾಣದ ಒಂದು ಜೋಡಕ ಸೇರಿಸಿ ಬರೆಯುತ್ತಿದ್ದರು. ಎರಡೂ ಬಗೆಯ ಬರಹ ಈಗಲೂ ಇದೆ, ಮತ್ತು ಯೂನಿಕೋಡ್ ನಾರ್ಮಲೈಸೇಶನ್ (ಒಂದೇ ಅಕ್ಷರದ ಬೇರೆ ಬೇರೆ ಬರಹಗಳನ್ನು ಒಂದು ರೂಪಕ್ಕೆ ತರುವ ವಿಧಾನ) ಇವನ್ನು ಒಂದಾಗಿಸುವುದಿಲ್ಲ. ಕನ್ನಡದ ಒಕಾರವನ್ನೂ ಒಂದು ಸಂಕೇತವಾಗಿ ಅಥವಾ ಎರಡಾಗಿ ಬರೆಯಬಹುದು. ಅದು ಮಾತ್ರ ನಾರ್ಮಲೈಸೇಶನ್‌ನಿಂದ ಸರಿಹೋಗುತ್ತದೆ. ಜೋಡಣೆ ಸದಸ್ಯ ಸಂಖ್ಯೆಯ ಮೇಲೆ ನಡೆಯಲಿ, ಹೆಸರು ತೋರಿಸಲಿಕ್ಕೆ ಮಾತ್ರ ಇರಲಿ. ಪ್ರಶ್ನಾರ್ಥಕ ಚಿಹ್ನೆಗೆ ಕಾರಣ ಕಾಲಂ ಎನ್‌ವಾರ್‌ಚಾರ್ (ಯೂನಿಕೋಡ್ ಬರಹಕ್ಕೆಂದಿರುವ ಬಗೆ) ಆಗಿಲ್ಲದಿರುವುದು, ಅಥವಾ ಕ್ವೆರಿಯಲ್ಲಿ ಬರೆದ ಅಕ್ಷರಗಳ ಮುಂದೆ ಎನ್ ಗುರುತು ಬಿಟ್ಟುಹೋಗಿರುವುದು. ಒಮ್ಮೆ ಹಾಗೆ ಉಳಿದ ಹೆಸರು ಮರಳಿ ಬಾರದು, ಮೂಲದಿಂದ ಮತ್ತೆ ತರಬೇಕು.

ಪ್ರಶ್ನೆ (ಬದಿಯಡ್ಕದ ಸದಸ್ಯೆ)

ನೋಡಿದೆ ಅಣ್ಣ. ರಿಮೋಟ್ ಎಸ್‌ಕ್ಯೂಎಲ್‌ನಲ್ಲಿ ದಿನಾಂಕವೇ ಇರಲಿಲ್ಲ, ಬದಲಾಯಿಸಿದ್ದೇನೆ. ಇನ್ನೊಂದು ಭಯ: ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ನೆಟ್ ಲೈನ್ ಇಲ್ಲದಿದ್ದರೆ ಈ ಲಾಜಿಕಲ್ ರೆಪ್ಲಿಕೇಶನ್ ಏನಾಗುತ್ತದೆ?

ಉತ್ತರ

ಭಯಪಡಬೇಕಾದ ಜಾಗ ಅದೇ. ಪಡೆಯುವವರು ತಲುಪಿತು ಎನ್ನುವವರೆಗೆ ರೆಪ್ಲಿಕೇಶನ್ ಸ್ಲಾಟ್ (ಎಲ್ಲಿಯವರೆಗೆ ತಲುಪಿದೆ ಎಂದು ಮೂಲದಲ್ಲಿ ಇಡುವ ಗುರುತು) ಲಾಗ್ ಕಡತಗಳನ್ನು ಬಿಟ್ಟುಕೊಡುವುದಿಲ್ಲ. ಮೊದಲಿನ ಹೊಂದಿಕೆಯಲ್ಲಿ ಇದಕ್ಕೆ ಮಿತಿಯಿಲ್ಲ; ಡಿಸ್ಕ್ ತುಂಬಿದರೆ ಖರೀದಿ ಪೂರ್ತಿ ನಿಲ್ಲುತ್ತದೆ. 2020ರ 13ನೆಯ ಆವೃತ್ತಿಯಿಂದ ಮ್ಯಾಕ್ಸ್ ಸ್ಲಾಟ್ ವಾಲ್ ಕೀಪ್ ಸೈಜ್ ಎಂಬ ಹೊಂದಿಕೆ ಇದೆ. ಸುಗ್ಗಿಯ ದಿನವೊಂದರಲ್ಲಿ ಎಷ್ಟು ಲಾಗ್ ಹುಟ್ಟುತ್ತದೆ ಎಂದು ಅಳೆದು, ಮೂರು-ನಾಲ್ಕು ದಿನಕ್ಕೆ ಸಾಲುವಷ್ಟು ಮಿತಿ ಹಾಕಿ. ಮಿತಿ ಮೀರಿದರೆ ಸ್ಲಾಟ್ ಕೆಟ್ಟುಹೋಗುತ್ತದೆ, ಸದಸ್ಯತ್ವದ ಪ್ರತಿಯನ್ನು ಮೊದಲಿನಿಂದ ಕಟ್ಟಬೇಕಾಗುತ್ತದೆ. ಕಟ್ಟೋಣ, ಅದು ಒಂದು ರಾತ್ರಿಯ ಕೆಲಸ. ಗೋಣಿ ಹೊತ್ತು ತಂದವರನ್ನು ವಾಪಸು ಕಳುಹಿಸುವಂತಾಗಬಾರದು.

ಲೈನ್ ಮರಳಿದ ದಿನ ಕೇಂದ್ರವಾರು, ದಿನವಾರು ರಶೀದಿಗಳ ಸಂಖ್ಯೆ, ಒಟ್ಟು ಕಿಲೋ, ಒಟ್ಟು ರೂಪಾಯಿ ಈ ಮೂರನ್ನೂ ಎಲ್ಲ ಕಡೆ ಹೋಲಿಸುವ ಕ್ವೆರಿ ಓಡಿಸಿ. ಅದನ್ನು ಪ್ರತಿ ರಾತ್ರಿಯೂ ತಾನಾಗಿ ಓಡುವಂತೆ ಇಟ್ಟು, ವ್ಯತ್ಯಾಸವಿದ್ದರೆ ಬೆಳಿಗ್ಗೆ ಕೌಂಟರ್ ತೆರೆಯುವ ಮುನ್ನ ನಿಮ್ಮ ಮೊಬೈಲಿಗೆ ಸಂದೇಶ ಬರುವ ಹಾಗೆ ಮಾಡಿ.