ಟರ್ಬೊ ಗಾಡಿಗೆ ಡ್ರೈ ಸಂಪ್ ಬೇಕೋ, ಇಂಜಿನ್ ತಳದ ಆಯಿಲ್ ಚೇಂಬರ್‌ನ್ಯಾಗ ಬ್ಯಾಫಲ್ (ಅಡ್ಡ ಗೋಡಿ) ಹಾಕಿಸಿದ್ರ ಸಾಕೋ?

ಚೋರ್ಲಾ_ಹುಡುಗ: ನಮಸ್ಕಾರ್ರಿ ಎಲ್ಲಾರ್ಗೂ. ನಂದು ಹಳೇ ಆಕ್ಟೇವಿಯಾ ಆರ್‌ಎಸ್, 1.8 ಟರ್ಬೊ. ದೊಡ್ಡ ಟರ್ಬೊ ಕೂಡಿಸಿ ಟ್ಯೂನ್ ಮಾಡ್ಸೇನಿ, ಈಗ ಹಿಡಿತ ಜಾಸ್ತಿ ಇರೋ ಸೆಮಿ ಸ್ಲಿಕ್ ಟೈರ್ ಹಾಕೀನಿ. ಹೋದ ತಿಂಗಳ ಚೆನ್ನೈ ಹತ್ರ ಇರುಂಗಾಟುಕೋಟೈ ಟ್ರ್ಯಾಕಿಗೆ ಒಯ್ದಿದ್ದೆ, ಅಲ್ಲಿ ಉದ್ದನ ಬಲ ತಿರುವಿನ್ಯಾಗ ಆಯಿಲ್ ಪ್ರೆಷರ್ ಮುಳ್ಳು 60 ಪಿಎಸ್ಐ ಇದ್ದದ್ದು ಸರ್ರನ 20ಕ್ಕ ಬಿತ್ತು, ಕಾಲ್ ಎತ್ತಿದ್ ಮ್ಯಾಲ ಮತ್ತ ಏರ್ತು. ಚೋರ್ಲಾ ಘಾಟ್‌ನ್ಯಾಗ ಒಮ್ಮೆನೂ ಹಿಂಗ ಆಗಿಲ್ಲ. ಒಬ್ರು ಆಯಿಲ್ ಬ್ಯಾರೆ ಟ್ಯಾಂಕಿನ್ಯಾಗ ಇಡೂ ಡ್ರೈ ಸಂಪ್ ಅಂತಾರ, ಒಬ್ರು ಪ್ರೆಷರಿನ್ಯಾಗ ಆಯಿಲ್ ಕೂಡಿಸಿ ಇಡೂ ಅಕ್ಯುಮುಲೇಟರ್ ಅಂತಾರ. ಯಾವ್ದು ಮಾಡ್ಸ್ಲಿ?

ಉದ್ಯಮಬಾಗ್_ಲೇಥ್: ಕಾಲ್ ಎತ್ತಿದ್ದು ಚಲೋ ಮಾಡಿದಿ ತಮ್ಮಾ. ಘಾಟ್ ತಿರುವು ಬೇಗ ಮುಗೀತಾವ, ಸ್ಪೀಡೂ ಕಮ್ಮಿ. ಟ್ರ್ಯಾಕಿನ ಉದ್ದ ತಿರುವಿನ್ಯಾಗ ಆಯಿಲ್ ಪೂರಾ ಎಡಕ್ಕ ಹೋಗಿ ನಿಲ್ತೈತಿ, ಪಂಪಿಗೆ ಆಯಿಲ್ ಒಯ್ಯೂ ಪಿಕಪ್ ಪೈಪಿನ ಬಾಯಿ ಬಯಲಾಗಿ ಪಂಪು ಗಾಳಿ ಎಳೀತೈತಿ. ಟೈರ್ ಹಿಡಿತ ಜಾಸ್ತಿ ಆದಷ್ಟು ಇದು ಜಾಸ್ತಿ. ಚೇಂಬರ್ ಬಿಚ್ಚಿ ಪಿಕಪ್ ಸುತ್ತ 2 ಎಂಎಂ ಶೀಟಿನ ಗೋಡಿ ಕಟ್ಟಿ, ಒಳಗ ಮಾತ್ರ ತೆರಿಯೋ ಸಣ್ಣ ಬಾಗಿಲಾ ಕೂಡಿಸಿದ್ರ ಬಂದ ಆಯಿಲ್ ವಾಪಸ್ ಹೋಗಂಗಿಲ್ಲ. ಇದಕ್ಕ ಬ್ಯಾಫಲ್ ಅಂತಾರ, ಮೊದ್ಲ ಇದನ್ನ ಮಾಡ್ಸು.

ಬಾಗಲಕೋಟಿ_ಬೂಸ್ಟ್: ಕಾಕಾ, ಬ್ಯಾಫಲ್ ಬರೇ ಸ್ವಲ್ಪ ಹೊತ್ತು ತಡೀತೈತ್ರಿ. ಸೆಮಿ ಸ್ಲಿಕ್ ಹಾಕಿದ್ ಮ್ಯಾಲ ಡ್ರೈ ಸಂಪೇ ಸರಿ ಅನ್ನೋದು ನನ್ನ ಮಾತು. ಅದ್ರಾಗ ಆಯಿಲ್ ಚೇಂಬರ್‌ನ್ಯಾಗ ಇರೋದೇ ಇಲ್ಲ, ಸ್ಕ್ಯಾವೆಂಜ್ ಪಂಪು ಜಗ್ಗಿ ಎತ್ತರದ ಟ್ಯಾಂಕಿಗೆ ಹಾಕ್ತೈತಿ, ಅಲ್ಲಿ ಗಾಳಿ ಬ್ಯಾರೆ ಆಗಿ ತಳದಿಂದ ಬರೇ ಆಯಿಲ್ ಇಂಜಿನಿಗೆ ಹೋಗ್ತೈತಿ. ತಿರುಗೂ ಕ್ರ್ಯಾಂಕ್ ಆಯಿಲ್ ಬಡಿಯೂದು ತಪ್ಪತೈತಿ, ಟರ್ಬೊದಿಂದ ಬರೂ ಆಯಿಲ್ಲೂ ಪಂಪಿಲೇ ಜಗ್ಗಬಹುದು.

ಉದ್ಯಮಬಾಗ್_ಲೇಥ್: ಖರೇ, ಡ್ರೈ ಸಂಪ್ ಎಲ್ಲಾದಕ್ಕೂ ಮೇಲು, ಇಲ್ಲನ್ನಂಗಿಲ್ಲ. ಆದ್ರ ಆ ಬಾನೆಟ್‌ನ್ಯಾಗ ಟ್ಯಾಂಕ್ ಎಲ್ಲಿ ಇಡ್ತಿ, ಪಂಪಿಗೆ ಬೆಲ್ಟ್ ಹೆಂಗ ಎಳೀತಿ, ಆ ಬೆಲ್ಟ್ ಹರೀತಂದ್ರ ಪ್ರೆಷರ್ ಸೊನ್ನಿ. ದಿನಾ ಆಫೀಸಿಗೂ ಓಡೂ ಗಾಡಿ ಅದು.

ವಿಜಯಪುರ_ವ್ರೂಮ್: ನಾನು ಅಕ್ಯುಮುಲೇಟರ್ ಹಾಕೀನಿ. ಒಂದ್ ಸಿಲಿಂಡರ್, ಒಳಗ ಪಿಸ್ಟನ್, ಒಂದ್ ಕಡೆ ಗಾಳಿ ಒಂದ್ ಕಡೆ ಆಯಿಲ್, ಪ್ರೆಷರ್ ಬಿದ್ದ ಕೂಡ್ಲೇ ಆ ಗಾಳಿ ಆಯಿಲ್ ದಬ್ಬತೈತಿ. ಮುಂಜಾನೆ ಚಾವಿ ತಿರುವೂಕಿಂತ ಮೊದ್ಲ ವಾಲ್ವ್ ತೆಗದ್ರ ಬೇರಿಂಗಿಗೆ ಆಯಿಲ್ ಸಿಗ್ತೈತಿ. ಆದ್ರ ತಿರುವು ಉದ್ದ ಇದ್ದಷ್ಟು ಅದೂ ಖಾಲಿ ಆಗ್ತೈತಿ, ಆಮ್ಯಾಲ ತುಂಬಿಕೊಳ್ಳಾಕ ಪಂಪಿಂದನ ಆಯಿಲ್ ತಗೋತೈತಿ. ಬ್ಯಾಫಲ್ ಇಲ್ದ ಇದೊಂದ ನಂಬಬ್ಯಾಡ.

ಚೋರ್ಲಾ_ಹುಡುಗ: ಅರ್ಧ ಲೀಟರ್ ಜಾಸ್ತಿ ಹಾಕಿ ಓಡಿಸು ಅಂದಾರ ಒಬ್ರು?

ವಿಜಯಪುರ_ವ್ರೂಮ್: ಹಂಗ ಮಾಡೋರು ಅದಾರ, ಆದ್ರ ಮಟ್ಟ ಏರಿ ಕ್ರ್ಯಾಂಕಿಗೆ ತಾಗಿದ್ರ ಬುರುಗು ಬರ್ತೈತಿ, ಬುರುಗು ಅಂದ್ರ ಗಾಳಿನ. ಟರ್ಬೊದ ರಿಟರ್ನ್ ಪೈಪೂ ನೋಡು, ಅದ್ರಾಗ ಆಯಿಲ್ ತನ್ನ ಭಾರಕ್ಕ ಇಳೀತೈತಿ, ಎಲ್ಲೂ ತಗ್ಗು ಬೀಳಬಾರ್ದು, ಆಯಿಲ್ ಮಟ್ಟದ ಮ್ಯಾಲ ಸೇರ್ಬೇಕು. ಇಲ್ಲಾಂದ್ರ ಸೀಲ್ ದಾಟಿ ನೀಲಿ ಹೊಗಿ ಬರ್ತೈತಿ. ಬಾಲ್ ಬೇರಿಂಗ್ ಟರ್ಬೊ ಇದ್ರ ಆಯಿಲ್ ಫೀಡ್ ಪೈಪಿಗೆ ಹರಿವು ಕಮ್ಮಿ ಮಾಡೂ ಸಣ್ಣ ರಿಸ್ಟ್ರಿಕ್ಟರ್ ಬೇಕು.

ಬಾಗಲಕೋಟಿ_ಬೂಸ್ಟ್: ಮೊದ್ಲ ಫಿಲ್ಟರ್ ಕತ್ತರಿಸಿ ನೋಡಪಾ. ನಂದು ಒಮ್ಮೆ ಹಿಂಗ ಪ್ರೆಷರ್ ಬಿದ್ದಾಗ ನಾ ಲಕ್ಷ್ಯ ಕೊಡಲಿಲ್ಲ. ಫಿಲ್ಟರ್ ಕಾಗದದ ಮಡಿಕಿ ಬಿಡಿಸಿದ್ರ ಒಳಗ ಮಿಣಮಿಣ ಚೂರು, ಬೇರಿಂಗ್ ಶೆಲ್ ತೆಗದ್ರ ಬೂದಿ ಬಣ್ಣ ಹೋಗಿ ತಾಮ್ರ ಕಾಣಸ್ತಿತ್ತು. ಪಿಕಪ್ ಜಾಳಿಯೊಳಗ ಚೇಂಬರ್ ಅಂಟಿಸಿದ್ ಸಿಲಿಕಾನ್ ಪೇಸ್ಟಿನ ಎಳಿ ಸಿಕ್ಕೊಂಡಿದ್ವು. ಅದಕ್ಕ ಡ್ರೈ ಸಂಪ್ ಅಂತೀನಿ. ಆದ್ರೂ ಕಾಕಾ ಹೇಳಿದ್ದ ಮಾಡಿ, ಮತ್ತ ಬಿದ್ರ ಆಗ ನನ್ನ ಮಾತು ಕೇಳು.

ಚೋರ್ಲಾ_ಹುಡುಗ: ಆಯ್ತ್ರಿ ಅಣ್ಣಾ. ಬರೂ ಐತವಾರ ಫಿಲ್ಟರ್ ಕತ್ತರಸ್ತೀನಿ, ಚೂರು ಇರ್ಲಿಲ್ಲಂದ್ರ ಚೇಂಬರ್ ಬಿಚ್ಚಿ ಕಾಕಾನ ಕಡೆ ತರ್ತೀನಿ.

ಉದ್ಯಮಬಾಗ್_ಲೇಥ್: ಬಿಚ್ಚೂದ್ರಾಗ ಪಿಕಪ್ ಬಾಯಿಗೂ ಚೇಂಬರ್ ತಳಕ್ಕೂ ಎಷ್ಟು ಸಂದು ಐತಿ ಅಳೀಬೇಕು. ಮಕ್ಕಳು ಆಡೂ ಕ್ಲೇ ಮುದ್ದಿ ತಳದಾಗ ಇಟ್ಟು, ಪ್ಯಾಕಿಂಗ್ ಸಮೇತ ಚೇಂಬರ್ ಒಮ್ಮೆ ಕೂಡಿಸಿ ತೆಗಿ. ಆ ಕ್ಲೇ ಹಂಗ ತಾ, ಒತ್ತಿ ಕೆಡಸಬ್ಯಾಡ.