ಸಹಾಯ ಬೇಕು: 1971ರ ಯುದ್ಧದ ಪದಕಗಳು ಕಳೆದುಹೋಗಿವೆ

ರೈಲಿನಲ್ಲಿ ಪಕ್ಕ ಕೂತಿದ್ದ ಅಜ್ಜ ಒಬ್ಬರು ಮಾತಿಗೆ ಸಿಕ್ಕಿದರು. 1971ರ ಯುದ್ಧದಲ್ಲಿ ಪೂರ್ವದ ಗಡಿಯಲ್ಲಿ ಇದ್ದವರು. ಸೇನೆಯಿಂದ ನಿವೃತ್ತರಾದಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೋಪಾನವಾಗಿ ಇಟ್ಟಿದ್ದಾರೆ. ಅಂಚು ಸವೆದಿದೆ, ಆದರೆ ಪೂರ್ವಿ ಸ್ಟಾರ್, ಸಂಗ್ರಾಮ್ ಮೆಡಲ್ ಎಂದು ಬರೆದಿರುವುದು ಚೆನ್ನಾಗಿ ಕಾಣುತ್ತದೆ. ಪದಕಗಳು ಮಾತ್ರ ಮನೆ ಬದಲಾಯಿಸುವಾಗ ಕಳೆದುಹೋಗಿವೆ. "ಮೊಮ್ಮಗಳ ಕೈಗೆ ಕೊಡಬೇಕಪ್ಪ" ಅಂದರು.

ಬದಲಿ ಪದಕ ಕೇಳಿ ಅವರ ಪರವಾಗಿ, ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ಸ್ ಕಚೇರಿಗೆ ಪತ್ರ ಬರೆದೆ, ಉತ್ತರ ಇಲ್ಲ. ವಿಚಾರಿಸಿದರೆ ಒಬ್ಬರು ಪೊಲೀಸ್ ದೂರಿನ ಪ್ರತಿ ಬೇಕು ಅಂತಾರೆ, ಇನ್ನೊಬ್ಬರು ಅಫಿಡವಿಟ್ ಸಾಕು ಅಂತಾರೆ. ಅಂಗಡಿಯ ನಕಲು ಪದಕ ಅವರಿಗೆ ಬೇಡ. ನನಗೂ ಅದು ಸರಿ ಅನಿಸಲ್ಲ.

ಇಂಥ ಕೆಲಸ ಮಾಡಿಸಿದವರು ದಯವಿಟ್ಟು ತಿಳಿಸಿ: ಅರ್ಜಿ ನೇರವಾಗಿ ರೆಕಾರ್ಡ್ಸ್ ಕಚೇರಿಗೆ ಹೋಗಬೇಕಾ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕವಾ? ದೂರಿನ ಪ್ರತಿ ಇಡಲೇಬೇಕಾ?